ಎಡತೋಳಿನ ಕಲೆ, ತಾತನ ಮೂತ್ರಕೋಶ

(1/4)
ಎಡತೋಳಿನ ಅಂಗಿ ಸ್ವಲ್ಪ ಮೇಲೆ ಸರಿಸಿ ನೋಡಿ. ಹುಟ್ಟಿದಾಗ ಹಾಕಿಸಿದ ಬಿಸಿಜಿ ಸೂಜಿಯ ಸಣ್ಣ ಗುಂಡನೆ ಕಲೆ ಕಾಣುತ್ತೆ, ನಮ್ಮಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ. ಅದು ಟಿಬಿಗೆ ಹಾಕೋದು ಅಂತ ಗೊತ್ತು. ಅದೇ ಬಿಸಿಜಿಯನ್ನ ಮೂತ್ರಕೋಶದ ಕ್ಯಾನ್ಸರಿಗೂ ಕೊಡ್ತಾರೆ ಅಂತ ನಂಗೆ ಗೊತ್ತಾಗಿದ್ದು ಹೋದ ವರ್ಷ, ತಾತನ ಫೈಲ್ ಹಿಡ್ಕೊಂಡು ಕೊಳ್ಳೇಗಾಲದಲ್ಲಿ ಬೆಂಗಳೂರು ಬಸ್ ಹತ್ತಿದಾಗ. ಊರಲ್ಲಿ ಮಾತ್ರ "ಅವರಿಗೆ ಟಿಬಿ ಅಂತೆ" ಅಂತ ಸುದ್ದಿಯಾಗಿ, ಯಳಂದೂರಿನ ಒಂದು ಮದುವೇಲಿ ತಾತನ ಲೋಟ ಬೇರೆ ಇಟ್ಟರು. ಅದಕ್ಕೇ ಈ ಸರಣಿ. ನಾನು ಬಿಕಾಂ ಓದೋನು, ಡಾಕ್ಟರಲ್ಲ. ಓದಿ ತಿಳ್ಕೊಂಡಿದ್ದನ್ನ ಹೇಳ್ತೀನಿ, ಅಷ್ಟೆ.

(2/4)
1863ರಲ್ಲೇ ಜರ್ಮನಿಯ ರುಡಾಲ್ಫ್ ವಿರ್ಕೋ, ಕ್ಯಾನ್ಸರ್ ಗಡ್ಡೆಗಳ ಒಳಗೆ ಬಿಳಿ ರಕ್ತಕಣಗಳಿರೋದನ್ನ ಗಮನಿಸಿದ್ದರು. 1882ರಲ್ಲಿ ಮೆಚ್ನಿಕಾಫ್ ಅನ್ನೋ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿದರು. ಮಾರನೇ ದಿನ ನೋಡಿದ್ರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿವೆ. ಯಾರೂ ಕಲಿಸದೆ ಹುಟ್ಟಿನಿಂದಲೇ ಬಂದ ಕಾವಲು ಇದು. ಇದಕ್ಕೆ 1908ರಲ್ಲಿ ನೊಬೆಲ್ ಕೂಡ ಬಂತು.

ಹಾಗಾದ್ರೆ ಒಂದು ಪ್ರಶ್ನೆ. ಕಾವಲಿನವರು ಒಳಗೇ ಇದ್ದರೂ ಗಡ್ಡೆ ಬೆಳೆಯೋದು ಹೇಗೆ?

ಅಮೆರಿಕದ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗಡ್ಡೆಯನ್ನ ವಾಸಿಯಾಗದ ಗಾಯ ಅಂತ ಕರೆದರು. ನಂಗೆ ಇದೇ ಎಲ್ಲಕ್ಕಿಂತ ಚೆನ್ನಾಗಿ ಅರ್ಥವಾಯ್ತು. ಗಾಯವಾದಾಗ ಮ್ಯಾಕ್ರೋಫೇಜ್ ಅನ್ನೋ ಕೋಶಗಳು ಮೊದಲು ಕ್ರಿಮಿ ತಿಂತಾವೆ, ಆಮೇಲೆ ಕೆಲಸ ಬದಲಿಸಿ ರಿಪೇರಿಗೆ ಇಳೀತಾವೆ. ಹೊಸ ರಕ್ತನಾಳ ಬೆಳೆಸ್ತಾವೆ, ಜಗಳ ನಿಲ್ಲಿಸ್ತಾವೆ. ಗಡ್ಡೆ ಅವನ್ನ ಆ ರಿಪೇರಿ ಕೆಲಸದಲ್ಲೇ ಉಳಿಸಿಕೊಳ್ಳುತ್ತೆ. ಆ ರಕ್ತನಾಳದಿಂದ ಗಡ್ಡೆಗೇ ಊಟ. ಪಕ್ಕದಲ್ಲಿರೋ ಎನ್‌ಕೆ ಕೋಶಗಳನ್ನೂ (ಕೆಟ್ಟ ಕೋಶ ಕಂಡರೆ ನೇರವಾಗಿ ಕೊಲ್ಲೋವು ಇವು, 1975ರಲ್ಲಿ ಹೆಸರು ಬಂತು) ಇದೇ ಮ್ಯಾಕ್ರೋಫೇಜ್‌ಗಳು ಸುಮ್ಮನಾಗಿಸ್ತಾವೆ. ಮನೆ ರಿಪೇರಿಗೆ ಕರೆಸಿದ ಮೇಸ್ತ್ರಿ ಕಳ್ಳನಿಗೇ ರೂಮು ಕಟ್ಟಿಕೊಟ್ಟ ಹಾಗೆ.

(3/4)
ಈಗ ಬಿಸಿಜಿ ಕಥೆ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್, ಹಸುವಿನ ಟಿಬಿ ಕ್ರಿಮಿಯನ್ನ ದನದ ಪಿತ್ತ ಹಾಕಿದ ಆಲೂಗಡ್ಡೆ ಮೇಲೆ 13 ವರ್ಷ, 230 ಸಲ ಮತ್ತೆ ಮತ್ತೆ ಬೆಳೆಸಿ ಅದರ ಹಲ್ಲು ಕಿತ್ತರು. 1921ರಲ್ಲಿ ಮೊದಲ ಸಲ ಒಂದು ಮಗುವಿಗೆ ಕೊಟ್ಟರು. ನಮ್ಮ ದೇಶಕ್ಕೆ ಬಂದಿದ್ದು 1948ರಲ್ಲಿ, ಕೋಲಾರ ದಾಟಿದ್ರೆ ಸಿಗೋ ಮದನಪಲ್ಲಿಗೆ.

ಆಗ ಕೊಳ್ಳೇಗಾಲ ಕರ್ನಾಟಕದಲ್ಲಿ ಇರಲಿಲ್ಲ, ಗೊತ್ತಾ? 1956ರ ನವೆಂಬರ್ 1ರವರೆಗೆ ನಾವು ಮದರಾಸಿನ ಕೊಯಮತ್ತೂರು ಜಿಲ್ಲೆ. ಹನೂರು ನಮ್ಮ ತಾಲ್ಲೂಕಿನೊಳಗೇ ಇತ್ತು, ಯಳಂದೂರು ಮಾತ್ರ ಮೈಸೂರು ಕಡೆ. ಆ ಮದರಾಸಿನಲ್ಲಿ ಮುಖ್ಯಮಂತ್ರಿಯಾಗಿದ್ದ ರಾಜಾಜಿಯವರೇ 1955ರಲ್ಲಿ ಬಿಸಿಜಿ ಬೇಡ ಅಂತ ಬರೆದರು. ಅಂದ್ರೆ ಲಸಿಕೆ ಬಗ್ಗೆ ಭಯ ವಾಟ್ಸಾಪ್ ಬಂದ ಮೇಲೆ ಹುಟ್ಟಿದ್ದಲ್ಲ ಬುಡಿ.

1959ರಲ್ಲಿ ನ್ಯೂಯಾರ್ಕಿನ ಲಾಯ್ಡ್ ಓಲ್ಡ್ ಮತ್ತು ಜೊತೆಗಾರರು, ಬಿಸಿಜಿ ಕೊಟ್ಟ ಇಲಿಗಳು ಗಡ್ಡೆಯನ್ನ ಚೆನ್ನಾಗಿ ಎದುರಿಸ್ತಾವೆ ಅಂತ ತೋರಿಸಿದರು. 1976ರಲ್ಲಿ ಕೆನಡಾದ ಆಲ್ವಾರೋ ಮೊರಾಲೆಸ್ ಅದನ್ನ ನೇರವಾಗಿ ಮೂತ್ರಕೋಶದೊಳಗೆ ಬಿಟ್ಟ 9 ರೋಗಿಗಳ ವರದಿ ಪ್ರಕಟಿಸಿದರು. ವಾರಕ್ಕೊಂದು, ಒಟ್ಟು ಆರು. ಆರೇ ಯಾಕೆ? ಆ ಲಸಿಕೆ ಬರ್ತಿದ್ದ ಪ್ಯಾಕಿನಲ್ಲಿ ಆರು ಬಾಟ್ಲಿ ಇರ್ತಿತ್ತಂತೆ! ಇವತ್ತಿಗೂ ಶುರುವಿನ ಕೋರ್ಸ್ ಆರು ವಾರವೇ.

(4/4)
ಒಳಗೆ ಏನಾಗುತ್ತೆ? ಹಲ್ಲಿಲ್ಲದಿದ್ದರೂ ಕ್ರಿಮಿ ಕ್ರಿಮಿಯೇ. ಮೂತ್ರಕೋಶದ ಗೋಡೆ ಕೂಗು ಹಾಕುತ್ತೆ. ಕೆಲವೇ ಗಂಟೆಯಲ್ಲಿ ನ್ಯೂಟ್ರೋಫಿಲ್ ಕೋಶಗಳು ಓಡಿಬಂದು ಬೇರೆಯವರನ್ನೂ ಕರೀತಾವೆ. ಮ್ಯಾಕ್ರೋಫೇಜ್‌ಗಳು ರಿಪೇರಿ ಬಿಟ್ಟು ಮತ್ತೆ ಜಗಳಕ್ಕೆ ನಿಲ್ತಾವೆ, ಎನ್‌ಕೆ ಕೋಶ ಎದ್ದೇಳುತ್ತೆ, ಕಲಿತು ಹೊಡೆಯೋ ಟಿ ಕೋಶಗಳೂ ಸೇರ್ತಾವೆ. ಇಲಿಗಳಲ್ಲಿ ನ್ಯೂಟ್ರೋಫಿಲ್ ತೆಗೆದರೂ ಬಿಸಿಜಿ ಸೋತಿದೆ, ಎನ್‌ಕೆ ಕೆಲಸ ಮಾಡದಿದ್ದರೂ ಸೋತಿದೆ. ಒಬ್ಬರಿಂದ ಆಗೋ ಕೆಲಸ ಅಲ್ಲ ಅದು.

ಎರಡು ವಿಷಯ ತಪ್ಪು ತಿಳ್ಕೋಬೇಡಿ. ನಿಮ್ಮ ತೋಳಿನ ಸೂಜಿ ಕ್ಯಾನ್ಸರ್ ತಡೆಯಲ್ಲ. ಮತ್ತೆ ಈ ಚಿಕಿತ್ಸೆ ಗಡ್ಡೆ ಸ್ನಾಯುವಿನೊಳಗೆ ಇಳಿಯೋ ಮುಂಚೆ ಮಾತ್ರ. ನಮ್ಮ ತಾತ ನಲವತ್ತು ವರ್ಷ ಬೀಡಿ ಸೇದಿದವರು, ಮೂತ್ರಕೋಶದ ಕ್ಯಾನ್ಸರಿಗೆ ಅದೇ ದೊಡ್ಡ ಕಾರಣ. ಮೂತ್ರದಲ್ಲಿ ರಕ್ತ ಬಂದಿದ್ದನ್ನ "ನೋವೇ ಇಲ್ವಲ್ಲ" ಅಂತ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದರು. ನೋವಿಲ್ಲದೆ ರಕ್ತ ಬರೋದೇ ಇದರ ಮೊದಲ ಗುರುತು. ನಿಮ್ಮನೇಲಿ ಬೀಡಿ ಸೇದೋ ತಾತ, ದೊಡ್ಡಪ್ಪ ಇದ್ರೆ ನಾಚಿಕೆ ಬಿಟ್ಟು ಕೇಳಿ.

ಔಷಧಿ ಬಿಟ್ಟ ಮೇಲೆ ಎರಡು ಗಂಟೆ ಮೂತ್ರ ತಡೀಬೇಕು. ರಾತ್ರಿ ತಾತನಿಗೆ ಜ್ವರ ಬರೋದು. ಅದು ಸಾಮಾನ್ಯವಾಗಿ ಆ ಕೋಶಗಳ ಗಲಾಟೆ, ಆದ್ರೆ ಜ್ವರ ಜೋರಾಗಿದ್ರೆ ಅಥವಾ ಒಂದೆರಡು ದಿನದಲ್ಲಿ ಇಳೀದಿದ್ರೆ ಡಾಕ್ಟರಿಗೆ ಫೋನ್ ಮಾಡ್ಲೇಬೇಕು. ಜೀವ ಇರೋ ಕ್ರಿಮಿ ಅಂತ ಅವತ್ತು ಟಾಯ್ಲೆಟ್ಟಿಗೆ ಬ್ಲೀಚ್ ಹಾಕೋಕೆ ಹೇಳಿದ್ರು. ಅಜ್ಜಿ ಆರು ವಾರವೂ ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿರ್ತಿದ್ದರು. ತಾತನ ಲೋಟ ಮಾತ್ರ ಅವರು ಒಂದು ದಿನವೂ ಬೇರೆ ಇಡಲಿಲ್ಲ.

#ಕೊಳ್ಳೇಗಾಲ #ಹನೂರು #ಯಳಂದೂರು