ಲೀಜಿಗೆ ಹೋದ ಬಿಸಿಲು

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಉಪನೋಂದಣಿ ಕಚೇರಿಯ ಎದುರು ಕೂತು ಖರೀದಿ, ವಾಟ್ನಿ (ಆಸ್ತಿ ಪಾಲು), ಹಕ್ಕುಬಿಡುಗಡೆ ಪತ್ರ ಬರೆಯುವುದು ನನ್ನ ಕಸುಬು. ನಮ್ಮಪ್ಪನದೂ ಅದೇ. ಅಪ್ಪನ ಕಾಲದಲ್ಲಿ ಒಂದು ಬಗೆಯ ಕಾಗದ ಮಾತ್ರ ಯಾರೂ ಬರೆಸುತ್ತಿರಲಿಲ್ಲ: ಹೊಲ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟ ಕರಾರು. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಉಳುತ್ತಿದ್ದವರು ಹೊಲ ತಮ್ಮ ಹೆಸರಿಗೆ ಮಾಡಿಕೊಡಿ ಎಂಬ ಅರ್ಜಿ, ನಮೂನೆ 7, ತುಂಬಿ ಭೂ ನ್ಯಾಯಮಂಡಳಿಗೆ ಹೋದರು. ಅಲ್ಲಿಂದ ಮುಂದೆ ಹೊಲ ಪಾಲಿಗೆ ಹಚ್ಚಿದರೂ ಬಾಯಿಮಾತಿನ ಮೇಲೆಯೇ. ‘ಕಾಗದ ಆತಂದ್ರ ಹೊಲ ಹೋತು’ ಎನ್ನುವುದು ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಹಿರಿಯರ ತಲೆಯಲ್ಲಿ ಕೂತುಬಿಟ್ಟಿತ್ತು.

ಬಸವನಬಾಗೇವಾಡಿ ಕಡೆಯವರಿಗೆ ಇನ್ನೊಂದು ಅಂಜಿಕೆ. ಕರೆಂಟು ಎಂದರೆ ಅವರಿಗೆ ಜಮೀನು ಕಳೆದುಕೊಳ್ಳುವ ಬಾಬತ್ತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಆಲಮಟ್ಟಿಯಲ್ಲಿ ಈಗ 290 ಮೆಗಾವ್ಯಾಟ್ ಜಲವಿದ್ಯುತ್ ಘಟಕವಿದೆ. ಅದರ ಹಿಂದಿನ ನೀರಿನ ಕೆಳಗೆ ಊರೂರೇ ಇವೆ. ಆಮೇಲೆ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ. ಅದಕ್ಕೆ ಭೂಸ್ವಾಧೀನ. 2014ರ ಜುಲೈನಲ್ಲಿ ಸ್ಥಾವರ ಬೇಡವೆಂದವರ ಮೇಲೆ ಗೋಲಿಬಾರೂ ಆಯಿತು. ಅದಕ್ಕೆ ಎರಡೇ ತಿಂಗಳು ಮುಂಚೆ, ಮೇ ತಿಂಗಳಲ್ಲಿ, ರಾಜ್ಯದ ಸೌರ ನೀತಿ ಹೊರಬಿದ್ದಿತ್ತು. ಆಗ ನಮ್ಮ ಕಡೆ ಅದನ್ನು ಯಾರೂ ಗಮನಿಸಲಿಲ್ಲ. ಸೋಲಾರ್ ಎಂದರೆ ಮಾಳಿಗೆಯ ಮೇಲಿನ ಬಿಸಿನೀರಿನ ಪೆಟ್ಟಿಗೆ, ಅಷ್ಟೇ.

ಆ ನೀತಿಯಲ್ಲಿ ರೈತರಿಗೆಂದೇ ಒಂದು ಭಾಗವಿತ್ತು: ಸ್ವಂತ ಜಮೀನಿದ್ದವರು 1ರಿಂದ 3 ಮೆಗಾವ್ಯಾಟಿನ ಘಟಕ ಹಾಕಬಹುದು. ವಿದ್ಯುತ್ ನಿಯಂತ್ರಣ ಆಯೋಗ ಯೂನಿಟ್ಟಿಗೆ 8.40 ರೂಪಾಯಿ ಗೊತ್ತುಮಾಡಿತ್ತು. ಕೇಳಲು ಚೆಂದ. ಆದರೆ ಒಂದು ಮೆಗಾವ್ಯಾಟಿಗೆ ಐದೆಕರೆ ಸಾಕಾದರೂ ರೊಕ್ಕ ಆಗ ಆರೇಳು ಕೋಟಿ ಬೇಕು. ಉತಾರ (ಪಹಣಿ) ರೈತನದು, ಹಣ ಬೆಂಗಳೂರಿನದೋ ಹೈದರಾಬಾದಿನದೋ. ಕೆಲಸ ತಡವಾದವರಿಗೆ ಕಡಿಮೆ ದರ ಅಂಟಿಕೊಂಡಿತು. 2015ರಲ್ಲಿ ದರ 6.51ಕ್ಕೆ, 2017ರಲ್ಲಿ 4.36ಕ್ಕೆ ಇಳಿದಿತ್ತು. ಹಳೆಯ ದರಕ್ಕಾಗಿ ರಾಜ್ಯದ ಎಷ್ಟೋ ಘಟಕಗಳ ವ್ಯಾಜ್ಯ ದಿಲ್ಲಿಯವರೆಗೆ ಹೋಯಿತು.

ನಮ್ಮ ಕಸುಬಿಗೆ ಜೀವ ಬಂದದ್ದು ಲೀಜಿನಿಂದ. ಪಾವಗಡದಲ್ಲಿ ಸರ್ಕಾರ 13,000 ಎಕರೆಯನ್ನು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಲೀಜಿಗೆ ಹಿಡಿದು ಒಂದೇ ಕಡೆ ಸೋಲಾರ್ ಪಾರ್ಕು ಕಟ್ಟಿತು. ಅದರ ಜೊತೆಗೇ ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ ಕ್ರೆಡಲ್‌ನವರು ಇನ್ನೊಂದು ದಾರಿ ಹಿಡಿದರು: 2015-16ರಲ್ಲಿ 1,200 ಮೆಗಾವ್ಯಾಟನ್ನು 60 ತಾಲೂಕುಗಳಿಗೆ, ತಾಲೂಕಿಗೆ 20ರಂತೆ ಹಂಚಿ ಟೆಂಡರು ಕರೆದರು. ಸರ್ಕಾರ ಒಪ್ಪಿದ ಸೋಲಾರ್ ಯೋಜನೆಗೆ ಶುಲ್ಕ ಕಟ್ಟಿದರೆ ಜಮೀನು ಎನ್.ಎ. (ಕೃಷಿಯೇತರ) ಆದ ಹಾಗೆಯೇ ಎಂದು ಭೂಕಂದಾಯ ಕಾಯ್ದೆಗೂ ತಿದ್ದುಪಡಿ ಬಂತು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ನೀತಿ ಇದೇ. ಎನ್.ಎ. ಆದ ಮೇಲೆ ಗೇಣಿಯ ಭಯ ಎಲ್ಲಿಂದ ಬಂತು? ಜೋಳ, ಕಡಲೆ ಬೆಳೆಯುವ ಎರಿ (ಕಪ್ಪುಮಣ್ಣಿನ) ಹೊಲಕ್ಕಿಂತ, ಸಬ್‌ಸ್ಟೇಷನ್ನಿಗೆ ಹತ್ತಿರವಿರುವ ಕಲ್ಲುನೆಲದ ಮಡ್ಡಿಗೆ ಬೆಲೆ ಬಂತು. ಹುಲ್ಲೂ ಬೆಳೆಯದ ಮಡ್ಡಿಯನ್ನು ವಾಟ್ನಿಯಲ್ಲಿ ಕಿರಿಯ ತಮ್ಮನ ಪಾಲಿಗೆ ತಳ್ಳಿದ್ದ ಅಣ್ಣಂದಿರು ಹಳೆಯ ಪತ್ರ ಹಿಡಿದು ನನ್ನ ಹತ್ತಿರ ಬಂದದ್ದುಂಟು!

ಲೀಜು ಕರಾರು ಬರೆಯುವುದು ಖರೀದಿಪತ್ರದಷ್ಟು ಸಲೀಸಲ್ಲ. ಸರ್ವೆ ನಂಬರು, ಹಿಸ್ಸಾ, ಚಕ್ಕುಬಂದಿ ಹಳೆಯವೇ. ಹೊಸದು ಮುಂದಿನ ಕಲಮುಗಳು. ದಕ್ಷಿಣದ ಬದುವಿನ ಆಚೆ ಉಳಿದ ನಿಮ್ಮ ಹೊಲದಲ್ಲಿ ಎತ್ತರದ ಗಿಡ ಹಚ್ಚಬಾರದು. ಚಳಿಗಾಲದಲ್ಲಿ ನೆರಳು ಬಡಗಕ್ಕೆ ಬಿದ್ದು ಫಲಕ ಮುಚ್ಚುತ್ತದೆ. ಬಾವಿ ಬಿಟ್ಟು, ಹಾಯಿದಾರಿ ಬಿಟ್ಟು. ಒಬ್ಬ ಮುದುಕ ಬನ್ನಿಗಿಡದ ಗುಂಟೆಯನ್ನು ಬಿಡಿಸಿಕೊಂಡ. ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆಗೆ) ಮನೆಮಂದಿ ಬಂದು ಭೂತಾಯಿಗೆ ಎಡೆಯಾಗಿ ಹೊಲದಲ್ಲಿ ಚರಗ ಚೆಲ್ಲಲು ಗೇಟು ತೆಗೆಯಬೇಕೆಂದೂ ಬರೆಸಿದ. ಕಂಪನಿಯ ವಕೀಲರಿಗೆ ಚರಗ ಎಂದರೇನೆಂದು ತಿಳಿಸುವಷ್ಟರಲ್ಲಿ ಚಹಾ ಎರಡು ಸಲ ಬಂತು.

2018ರ ಮಾರ್ಚ್ 31ರ ಗಡುವಂತೂ ಮರೆಯುವಂಥದ್ದಲ್ಲ. ಅಷ್ಟರೊಳಗೆ ಚಾಲೂ ಆದ ಘಟಕ ಕಾರ್ಖಾನೆಗೆ ನೇರ ಕರೆಂಟು ಮಾರಿದರೆ ಹತ್ತು ವರ್ಷ ವೀಲಿಂಗ್ ಶುಲ್ಕವಿಲ್ಲ, ಅಂದರೆ ಕರೆಂಟು ಸಾಗಿಸುವ ತಂತಿಯ ಬಾಡಿಗೆಯಿಲ್ಲ, ಎಂದು ಆಯೋಗ 2014ರಲ್ಲೇ ಹೇಳಿತ್ತು. ಹೀಗಾಗಿ ರಾಜ್ಯದಲ್ಲೆಲ್ಲ ಗಡಿಬಿಡಿ. ಆ ವರ್ಷ ಕರ್ನಾಟಕ ಸೌರವಿದ್ಯುತ್ತಿನಲ್ಲಿ ದೇಶಕ್ಕೇ ಮುಂದಾಯಿತು. ಏಪ್ರಿಲಿನಿಂದ ನಮ್ಮ ಮುಂದಿನ ಬಾಕು ಖಾಲಿ.

ಗಾಳಿಯ ಕಥೆ ಬೇರೆ. ಹಿಂದೆ ಗಾಳಿಯಂತ್ರ ನೋಡಬೇಕೆಂದರೆ ಕಪ್ಪತಗುಡ್ಡಕ್ಕೋ ಚಿತ್ರದುರ್ಗದ ಜೋಗಿಮಟ್ಟಿಗೋ ಹೋಗಬೇಕಿತ್ತು. ಗೋಪುರ ನೂರು ಮೀಟರ್ ದಾಟಿದ ಮೇಲೆ ಬಯಲುನಾಡಿನ ಗಾಳಿಯೂ ಸಾಕಾಯಿತು. ಇಲ್ಲಿ ಲೀಜಿಗಿಂತ ಖರೀದಿ ಹೆಚ್ಚು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದವರಿಗೂ ಹೊಲ ಕೊಳ್ಳುವುದು ಸುಲಭವಾಗಿದೆ. ಗೋಪುರದಡಿಯ ಎರಡು-ಮೂರು ಎಕರೆಗೆ ಒಳ್ಳೆಯ ಬೆಲೆ ಬರುತ್ತದೆ. ಜಗಳವೆಲ್ಲ ರೆಕ್ಕೆ ಸಾಗಿಸುವ ದಾರಿಯದು. ಅಷ್ಟುದ್ದದ ಟ್ರೇಲರ್ ತಿರುಗಲು ಮೂಲೆಯ ಹೊಲದವನ ಒಪ್ಪಿಗೆ ಬೇಕು, ಅವನ ಬಾಯಿಗೆ ಬಂದದ್ದೇ ರೇಟು.

ಇನ್ನೊಂದು ಬದಲಾವಣೆಯನ್ನು ಯಾವ ನೀತಿಯೂ ಬರೆದಿರಲಿಲ್ಲ. 2005ರಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಇದೆ. ನಮ್ಮಲ್ಲಿ ಮಾತ್ರ ಅವರಿಂದ ಸೀರೆ-ಕುಬಸ ಕೊಟ್ಟು ಹಕ್ಕುಬಿಡುಗಡೆ ಬರೆಸಿಕೊಳ್ಳುವುದೇ ರೂಢಿ; ನಾನೂ ರಾಶಿ ಬರೆದಿದ್ದೇನೆ. ಕಂಪನಿಯ ವಕೀಲರು ಇದಕ್ಕೆ ಒಪ್ಪುವುದಿಲ್ಲ. ಲೀಜಿನ ಇಪ್ಪತ್ತೈದು ವರ್ಷದ ನಡುವೆ ಯಾವ ಮಗಳೂ ಕೋರ್ಟಿಗೆ ಹೋಗಬಾರದು, ಎಲ್ಲರ ಸಹಿ ಬೇಕು ಎನ್ನುತ್ತಾರೆ. ಈಚೆಗೆ ಬರೆದ ಒಂದು ಕರಾರಿನಲ್ಲಿ ಕೊಡುವವರು ಒಂಬತ್ತು ಮಂದಿ. ಅವರಲ್ಲಿ ಐವರು ಮದುವೆ ಮಾಡಿಕೊಟ್ಟ ಊರುಗಳಿಂದ ಬಸ್ಸು ಹಿಡಿದು ಬಂದ ಅಕ್ಕತಂಗಿಯರು. ಬಾಡಿಗೆ ಅಣ್ಣನ ಕೈಗೆ ಬೇಡ, ಒಂಬತ್ತು ಖಾತೆಗೂ ಬೇರೆ ಬೇರೆ ಬೀಳಬೇಕು ಎಂದು ಹಿರಿಯಾಕೆ ಪಟ್ಟು ಹಿಡಿದಳು. ಆ ಪುಟವನ್ನು ಮತ್ತೆ ಟೈಪು ಮಾಡಿಸಿದೆ.