ಕಡವೆಯ ಹಲ್ಲು, ಬಿಲ್ಲಸುರಂಗದ ಮಣ್ಣು: ಕೊಂಗುನಾಡಿನ ಮೂಳೆ ಸಂಗ್ರಹಕ್ಕೊಂದು ಚಾರಿತ್ರಿಕ ಹಿನ್ನೆಲೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಹಳೆಯ ಹಲ್ಲು, ಮೂಳೆ, ಕೊಂಬಿನ ತುಂಡುಗಳನ್ನು ಹೆಕ್ಕಿ ಜೋಪಾನ ಮಾಡುವ ಆಸಕ್ತರಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಇದು ಯಾವ ಪ್ರಾಣಿಯದು? ಎಷ್ಟು ಹಳೆಯದು? ಮೊದಲನೆಯದಕ್ಕೆ ಹಲ್ಲು ತಾನೇ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಕೊಡುವುದಿಲ್ಲ, ಜಿಂಕೆ ಜಾತಿಯ ಪ್ರಾಣಿಗಳ ವಿಷಯದಲ್ಲಂತೂ ಕೊಡುವುದೇ ಇಲ್ಲ. ದಕ್ಷಿಣ ಭಾರತದಲ್ಲಿ ಈ ವಿದ್ಯೆ ಬೆಳೆದುಬಂದ ಬಗೆಯನ್ನು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ.

ಮೊದಲು ನೆಲದ ಸಂಗತಿ. ಈ ಎರಡು ಜಿಲ್ಲೆಗಳ ತಳಬಂಡೆ ಬಹುಪಾಲು ನೈಸ್ ಮತ್ತು ಚಾರ್ನೊಕೈಟ್. ಇವುಗಳ ವಯಸ್ಸು ನೂರಾರು ಕೋಟಿ ವರ್ಷ. ಜಿಂಕೆಗಳ ಕುಟುಂಬ ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು ಎರಡು ಕೋಟಿ ವರ್ಷವಷ್ಟೇ ಆಗಿದೆ. ಮಧುಕ್ಕರೈಯಲ್ಲಿ ಸಿಮೆಂಟಿಗಾಗಿ ತೆಗೆಯುವ ಸುಣ್ಣಕಲ್ಲು ಕೂಡ ಭೂಗರ್ಭದ ಕಾವಿಗೆ ಹರಳುಗಟ್ಟಿದ ಕಲ್ಲು, ಅದರಲ್ಲಿ ಮೂಳೆ ಹುಡುಕಿ ಫಲವಿಲ್ಲ. ಹಾಗಾಗಿ ಇಲ್ಲಿ ಸಿಗುವ ಜಿಂಕೆಯ ಹಲ್ಲು ಬಂಡೆಯಿಂದ ಬಂದಿರಲಾರದು. ನೊಯ್ಯಲ್, ಭವಾನಿ, ಅಮರಾವತಿ ನದಿಗಳ ಮೆಕ್ಕಲಿನಿಂದ ಬಂದಿರಬೇಕು, ಇಲ್ಲವೇ ಹಳೆಯ ಮಾನವ ವಸತಿಯ ತಿಪ್ಪೆ, ಬೂದಿಗಳಿಂದ. ಕೊಯಮತ್ತೂರು ಬಳಿಯ ಮೋಳಪಾಳಯಂನಲ್ಲಿ ತಂಜಾವೂರಿನ ತಮಿಳು ವಿಶ್ವವಿದ್ಯಾಲಯ ಅಗೆದದ್ದು ಇಂಥದೇ ನವಶಿಲಾಯುಗದ ದನಗಾಹಿಗಳ ನೆಲೆಯನ್ನು. ಅಂಥ ನೆಲೆಯ ಮೂಳೆ ಪುರಾತತ್ವದ ಸಾಕ್ಷಿ. ಅದನ್ನು ಪಳೆಯುಳಿಕೆ ಎಂದು ಕರೆದರೆ ಅದರ ನಿಜವಾದ ಬೆಲೆ ಮರೆಯಾಗುತ್ತದೆ.

ದಕ್ಷಿಣದಲ್ಲಿ ಮೂಳೆ ಗುರುತಿಸುವ ಕೆಲಸಕ್ಕೆ ಬುನಾದಿ ಹಾಕಿದವರಲ್ಲಿ ಹವ್ಯಾಸಿಗಳೇ ಮುಂದೆ ಇದ್ದರು. ಮದ್ರಾಸ್ ಸೈನ್ಯದ ಅಧಿಕಾರಿ ಥಾಮಸ್ ಜಾನ್ ನ್ಯೂಬೋಲ್ಡ್ ಬಳ್ಳಾರಿ ಬಳಿಯ ಕುಡತಿನಿಯ ಬೂದಿದಿಬ್ಬದ ಬಗ್ಗೆ ಬರೆದವನು. ಕರ್ನೂಲು ಸೀಮೆಯ ಬೇತಂಚೆರ್ಲ ಸಮೀಪದ ಬಿಲ್ಲಸುರಂಗದ ಸುಣ್ಣಕಲ್ಲಿನ ಗವಿಗಳಲ್ಲಿ ಪ್ರಾಣಿಗಳ ಮೂಳೆಗಳಿವೆ ಎಂದು 1844ರಲ್ಲಿ ಲೋಕಕ್ಕೆ ತಿಳಿಸಿದವನೂ ಅವನೇ. ಆಮೇಲೆ ಸುಮಾರು ನಾಲ್ಕು ದಶಕ ಯಾರೂ ಆ ಗವಿಗಳ ಕಡೆ ಗಂಭೀರವಾಗಿ ತಿರುಗಿ ನೋಡಲಿಲ್ಲ. ಇಂಗ್ಲೆಂಡಿನಿಂದ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ಮದ್ರಾಸಿನ ಗವರ್ನರ್ ಗ್ರಾಂಟ್ ಡಫ್‌ನಿಗೆ ಒತ್ತಾಯ ಮಾಡಿದ ಮೇಲೆ ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್ ಅಲ್ಲಿಗೆ ಹೋದ. 1863ರಲ್ಲಿ ಪಲ್ಲಾವರಂನಲ್ಲಿ ಕಲ್ಲಿನ ಕೊಡಲಿ ಗುರುತಿಸಿ, 1874ರಲ್ಲಿ ನಮ್ಮ ಗೋಕಾಕ ಸೀಮೆಯ ಘೇಂಡಾಮೃಗದ ಪಳೆಯುಳಿಕೆಯನ್ನು ವರ್ಣಿಸಿದ ಫುಟ್ ಇವನೇ. ಆದರೆ ಗವಿಗಳ ಅಗೆತದ ಹೆಚ್ಚಿನ ಪಾಲು ನಡೆಸಿದವನು ಅವನ ಮಗ ಹೆನ್ರಿ, ವೃತ್ತಿಯಿಂದ ಸೈನಿಕ. ಚಾರ್ನೆಲ್ ಹೌಸ್, ಕೆಥೀಡ್ರಲ್ ಎಂದು ಅವರು ಹೆಸರಿಟ್ಟ ಗವಿಗಳಿಂದ ಬಂದ ಮೂಳೆಗಳನ್ನು ಪಳೆಯುಳಿಕೆ ತಜ್ಞ ರಿಚರ್ಡ್ ಲೈಡೆಕ್ಕರ್ ಪರೀಕ್ಷಿಸಿ 1886ರಲ್ಲಿ ವರದಿ ಪ್ರಕಟಿಸಿದ. ಒಂದು ಹೊಸ ಘೇಂಡಾಮೃಗಕ್ಕೆ ಕರ್ನೂಲಿನ ಹೆಸರಿಟ್ಟದ್ದು ಆಗ ಸುದ್ದಿಯಾಯಿತು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದೇ ಪಟ್ಟಿಯಲ್ಲಿದ್ದ ಕಡವೆ ಮತ್ತು ಚುಕ್ಕೆ ಜಿಂಕೆ, ಅಂದರೆ ಇಂದಿಗೂ ಆನೆಮಲೈ, ಸತ್ಯಮಂಗಲ ಕಾಡುಗಳಲ್ಲಿ ಮೇಯುತ್ತಿರುವ ಅವೇ ಪ್ರಾಣಿಗಳು.

ಲೈಡೆಕ್ಕರ್‌ನಂಥವರು ಜಿಂಕೆಯ ಹಲ್ಲನ್ನು ದನದ ಹಲ್ಲಿನಿಂದ ಬೇರ್ಪಡಿಸಿದ್ದು ಹೇಗೆ? ಮೆಲುಕು ಹಾಕುವ ಪ್ರಾಣಿಗಳೆಲ್ಲದರ ದವಡೆ ಹಲ್ಲಿನ ಮೇಲೆ ಅರ್ಧಚಂದ್ರದ ಗೆರೆಗಳಿರುತ್ತವೆ. ಅದನ್ನಷ್ಟೇ ನೋಡಿ ಜಿಂಕೆ ಎನ್ನಲಾಗದು. ನೋಡಬೇಕಾದದ್ದು ಹಲ್ಲಿನ ಎತ್ತರ. ಚಿಗುರು, ಎಲೆಗಳನ್ನೂ ತಿನ್ನುವ ಕಡವೆಯ ಹಲ್ಲಿನ ಕಿರೀಟ ಗಿಡ್ಡ, ಬೇರು ಬೇಗ ಶುರುವಾಗುತ್ತದೆ, ಮೇಲಿನ ಎನಾಮಲ್ ಒರಟು. ಹುಲ್ಲು ಅರೆಯುವ ದನದ ಹಲ್ಲು ಎತ್ತರ. ಅದರ ಮೈಗೆ ಸಿಮೆಂಟಮ್ ಎಂಬ ಪದರ ಅಂಟಿಕೊಂಡಿರುತ್ತದೆ, ಎರಡು ಹಾಲೆಗಳ ನಡುವಿನ ಪುಟ್ಟ ಕಂಬ ಅರೆಯುವ ಮೇಲ್ಮೈಯ ಹತ್ತಿರದವರೆಗೂ ಏರುತ್ತದೆ. ಜಿಂಕೆಯ ಕೆಳದವಡೆಯಲ್ಲಿ ಆ ಕಂಬ ಬುಡದಲ್ಲೇ ಗುಬುಟಿನಂತೆ ನಿಲ್ಲುತ್ತದೆ. ಕುರಿ, ಮೇಕೆಗಳಲ್ಲಿ ಸಾಮಾನ್ಯವಾಗಿ ಕಂಬವೇ ಇಲ್ಲ. ಕೃಷ್ಣಮೃಗವನ್ನು ಜನ ಜಿಂಕೆಯೆಂದೇ ಕರೆದರೂ ಅದರ ಹಲ್ಲು ಮೇಕೆಯ ಕಡೆಗೇ ವಾಲುತ್ತದೆ. ಮುದಿ ಪ್ರಾಣಿಯ ಸವೆದ ಹಲ್ಲಿನಲ್ಲಿ ಎತ್ತರದ ಪರೀಕ್ಷೆ ಕೈಕೊಡುತ್ತದೆ. ಒಂದೇ ಹಲ್ಲು ಹಿಡಿದು ತೀರ್ಪು ಕೊಡದಿರುವುದು ಲೇಸು.

ಹಿಂಗಾಲಿನಲ್ಲಿ ಗೊರಸಿನ ಮೇಲಿರುವ ಉದ್ದ ಮೂಳೆ ಇನ್ನೂ ನಂಬಿಕಸ್ಥ. ಅದರ ಮುಂಭಾಗದ ತೋಡು ಕೆಳತುದಿಯಲ್ಲಿ ಜಿಂಕೆಗಳಲ್ಲಿ ಮೂಳೆಯ ಸೇತುವೆಯಿಂದ ಮುಚ್ಚಿಕೊಳ್ಳುತ್ತದೆ, ದನ-ಕುರಿಗಳಲ್ಲಿ ತೆರೆದೇ ಇರುತ್ತದೆ. ಕೊಂಬಿನ ವಿಷಯದಲ್ಲಿ ಅನುಮಾನವೇ ಬೇಡ: ಜಿಂಕೆಯ ಕವಲುಗೊಂಬು ಗಟ್ಟಿ ಮೂಳೆ. ಉದುರಿದ ಕೊಂಬಿನ ಬುಡ ಉಬ್ಬಿ ಒರಟಾಗಿರುತ್ತದೆ. ಬೇಟೆಯಾಡಿದ ಪ್ರಾಣಿಯದಾದರೆ ತಲೆಬುರುಡೆಯ ತುಂಡು ಅಂಟಿರಬಹುದು. ಹಳೆಯ ವಸತಿಯಲ್ಲಿ ಬರೀ ಉದುರಿದ ಕೊಂಬುಗಳೇ ಸಿಕ್ಕರೆ ಅಲ್ಲಿನವರು ಜಿಂಕೆ ಬೇಟೆಯಾಡುತ್ತಿದ್ದರು ಎಂದು ಬರೆಯುವ ಹಕ್ಕು ನಮಗಿಲ್ಲ. ಮುಳ್ಳುಹಂದಿ ಕಡಿದ ಗುರುತನ್ನು ಮನುಷ್ಯನ ಕೆತ್ತನೆಯೆಂದು ಭ್ರಮಿಸುವ ಅಪಾಯವೂ ಉಂಟು.

ಇನ್ನು ಕಾಲದ ಪ್ರಶ್ನೆ. ಬಿಲ್ಲಸುರಂಗವನ್ನು ಮತ್ತೆ ಅಗೆದು ಪದರಗಳ ಕಾಲ ನಿರ್ಣಯಿಸಿದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಫಲಿತಾಂಶ ಈ ವಿಷಯಕ್ಕೆ ತಿರುವು ಕೊಟ್ಟಿತು. ಕಳೆದ ಎರಡು ಲಕ್ಷ ವರ್ಷಗಳ ಪದರಗಳಲ್ಲಿ ಗುರುತಿಸಲಾದ 21 ಸಸ್ತನಿ ಬಗೆಗಳಲ್ಲಿ 20 ಬಗೆಗಳು ಉಪಖಂಡದಲ್ಲಿ ಇಂದಿಗೂ ಬದುಕಿವೆ. ಯುರೋಪಿನ ದೈತ್ಯ ಜಿಂಕೆಯ ಹಲ್ಲು ಸಿಕ್ಕರೆ ಅದರ ಅಳಿವಿನಿಂದಲೇ ಒಂದು ಕಾಲದ ಅಂದಾಜು ಹೊರಡುತ್ತದೆ. ನಮ್ಮ ಕಡವೆ ಅಳಿದಿಲ್ಲ. ಹೋದ ವರ್ಷ ಚಿರತೆ ಕೊಂದ ಕಡವೆಯ ಹಲ್ಲೂ ಲಕ್ಷ ವರ್ಷದ ಕಡವೆಯ ಹಲ್ಲೂ ಆಕಾರದಲ್ಲಿ ಒಂದೇ ತೆರನಾಗಿರಬಹುದು. ನಾಲಿಗೆಗೆ ಅಂಟುವುದು, ತೂಕವಾಗಿರುವುದು, ಬಣ್ಣ ಕಪ್ಪಾಗಿರುವುದು ಇವೆಲ್ಲ ಮಣ್ಣಿನ ಗುಣದಿಂದಲೂ ಆಗುತ್ತವೆ. ಹುದುಗಿದ್ದ ಪದರ, ಆಳ, ಜೊತೆಯಲ್ಲಿದ್ದ ಮಡಕೆ ಚೂರು ಅಥವಾ ಕಲ್ಲಿನ ಉಪಕರಣ, ಇವೇ ಕಾಲಕ್ಕೆ ಸಾಕ್ಷಿ. ಹಲ್ಲನ್ನು ಕಿತ್ತು ತಂದ ಕ್ಷಣವೇ ಈ ಸಾಕ್ಷಿ ಅಳಿಯುತ್ತದೆ. ಅದನ್ನು ಯಾವ ಪ್ರಯೋಗಾಲಯವೂ ಪೂರ್ತಿಯಾಗಿ ಮರಳಿಸಲಾರದು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಪಶುವೈದ್ಯ ಕೆ.ಆರ್. ಆಲೂರರು ಕುದುರೆಯ ಮೂಳೆ ಗುರುತಿಸಿದಾಗ, 1971ರ ವರದಿಯ ನಂತರ ಎದ್ದ ದೊಡ್ಡ ವಿವಾದ ಆ ಪ್ರಾಣಿ ಅಷ್ಟು ಹಿಂದಿನ ಕಾಲದಲ್ಲಿ ದಕ್ಷಿಣದಲ್ಲಿತ್ತೇ ಎಂಬುದರ ಮೇಲೆಯೇ. ಅಲ್ಲಿ ಉತ್ಖನನದ ದಾಖಲೆಯಿದ್ದುದರಿಂದ ವಾದಕ್ಕಾದರೂ ನೆಲೆಯಿತ್ತು.

ಹಳೆಯ ಸಂಗ್ರಹಗಳನ್ನು ಓದುವಾಗ ಮತ್ತೊಂದು ತೊಡಕು ಚೀಟಿಯದು. ಕೊಳ್ಳೇಗಾಲ ತಾಲ್ಲೂಕು 1956ರವರೆಗೂ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈರೋಡು 1979ರಲ್ಲಿ ಬೇರೆಯಾಯಿತು, ತಿರುಪ್ಪೂರು ಜಿಲ್ಲೆ ಹುಟ್ಟಿದ್ದು 2009ರಲ್ಲಿ. ಬ್ರಿಟಿಷರ ಕಾಲದ ಚೀಟಿಯಲ್ಲಿ ಕೊಯಮತ್ತೂರು ಎಂದಷ್ಟೇ ಇದ್ದರೆ ಆ ಕೊಂಬು ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನದೂ ಇರಬಹುದು, ಆನೆಮಲೈಯದೂ ಇರಬಹುದು. ಹೊಸದಾಗಿ ಸಿಕ್ಕಿದ್ದನ್ನು ಊರು, ಹೊಲ, ಹಳ್ಳದ ಹೆಸರು, ಆಳ, ದಿನಾಂಕ ಸಹಿತ ಬರೆದು, ಸಾಧ್ಯವಾದರೆ ಕದಲಿಸದೆ ಚಿತ್ರ ತೆಗೆದು, ಪುರಾತತ್ವ ಇಲಾಖೆಗೋ ವಿಶ್ವವಿದ್ಯಾಲಯಕ್ಕೋ ತಿಳಿಸಬೇಕು. ಕಾಡಿನಲ್ಲಿ ಬಿದ್ದ ಹೊಸ ಕವಲುಗೊಂಬನ್ನಂತೂ ಮುಟ್ಟಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉದುರಿದ ಕೊಂಬನ್ನು ಮನೆಗೆ ಒಯ್ಯುವುದೂ ಅಪರಾಧ.