ಭಾರ ಕಟ್ಟೋದೆಲ್ಲಿ, ಸೊಂಟಕ್ಕಾ ಕೂರೋ ಜಾಗಕ್ಕಾ?

ಕೈಟ್‌ಸರ್ಫಿಂಗ್ ಕಲಿಯೋಕೆ ಅಂತ ಗೋವಾಕ್ಕೋ ರಾಮೇಶ್ವರಕ್ಕೋ ಹೋಗಿ ಬಂದವರು ಈಗ ನಮ್ಮ ಆಫೀಸುಗಳಲ್ಲಿ ಒಬ್ಬಿಬ್ಬರಾದರೂ ಸಿಗ್ತಾರೆ. ಬಾಡಿಗೆ ಸಾಮಾನು ಬಿಟ್ಟು ಸ್ವಂತದ್ದು ಕೊಳ್ಳೋಕೆ ಹೊರಟಾಗ ಅವರಿಗೆ ಎದುರಾಗೋ ಮೊದಲ ಪ್ರಶ್ನೆಗಳಲ್ಲೊಂದು: ಹಾರ್ನೆಸ್ ಯಾವುದು, ಸೀಟ್ ಹಾರ್ನೆಸ್ಸಾ, ವೇಸ್ಟ್ ಹಾರ್ನೆಸ್ಸಾ? ಮೊದಲನೆಯದು ಚಡ್ಡಿ ತರಹ. ಎರಡು ಪಟ್ಟಿ ತೊಡೆ ಸುತ್ತಿ ಬರುತ್ತೆ, ಕೊಕ್ಕೆ ಹೊಕ್ಕುಳಿಗಿಂತ ಕೆಳಗೆ ಇರುತ್ತೆ. ಎರಡನೆಯದು ಸೊಂಟಕ್ಕೆ ಸುತ್ತೋ ಅಗಲವಾದ ಪಟ್ಟಿ, ಅದರ ಕೊಕ್ಕೆ ಸ್ವಲ್ಪ ಮೇಲೆ. ನೋಡೋಕೆ ಚಿಕ್ಕ ವ್ಯತ್ಯಾಸ. ಆದರೆ ಮನುಷ್ಯ ತನ್ನ ಮೈಯನ್ನ ಹಗ್ಗಕ್ಕೆ ಒಪ್ಪಿಸಿದ ಕಡೆಯಲ್ಲೆಲ್ಲ ಈ ಪ್ರಶ್ನೆ ಎದ್ದಿದೆ, ಕೆಲವು ಕಡೆ ಜೀವ ತೆಗೆದ ಮೇಲೆ ಬಗೆಹರಿದಿದೆ. ಕೆಲವು ಕಡೆ ಇನ್ನೂ ಬಗೆಹರಿದಿಲ್ಲ.

ಸಮುದ್ರದಿಂದಲೇ ಶುರು ಮಾಡೋಣ. ಶ್ರೀಲಂಕಾದ ಮೀನುಗಾರರ ಒರುವ ದೋಣಿಗೆ ಒಂದು ಪಕ್ಕದಲ್ಲಿ ತೇಲು ಮರ ಇರುತ್ತೆ. ಗಾಳಿ ಜೋರಾದರೆ ಒಬ್ಬ ಹಗ್ಗ ಹಿಡಿದು ಆ ಮರದ ಕಡೆ ಹೊರಗೆ ನಿಲ್ತಾನೆ, ಇನ್ನೂ ಜೋರಾದರೆ ಇಬ್ಬರು. ಹಾಗಾಗಿ ಅವರು ಗಾಳಿಯನ್ನ ಅಳೆಯುತ್ತಿದ್ದದ್ದೇ 'ಒಬ್ಬನ ಗಾಳಿ', 'ಇಬ್ಬರ ಗಾಳಿ' ಅಂತ. ಅಲ್ಲಿ ಹಾರ್ನೆಸ್ ಇಲ್ಲ, ಭಾರ ಎಲ್ಲ ಕೈ ಮೇಲೆ. ಯುರೋಪಿನ ರೇಸ್ ದೋಣಿಯವರು ಅದೇ ಹಗ್ಗವನ್ನ ಕೈಯಿಂದ ತೆಗೆದು ಮೈಗೆ ಕಟ್ಟಿದರು. 1938ರಲ್ಲಿ ಪೀಟರ್ ಸ್ಕಾಟ್ ಮತ್ತು ಜಾನ್ ವಿಂಟರ್ ಇಂಗ್ಲೆಂಡಿನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಕಪ್ ಗೆದ್ದದ್ದು ಹಾಗೆ, ಪಟದ ಕಂಬಕ್ಕೆ ಕಟ್ಟಿದ ತಂತಿಯಲ್ಲಿ ದೋಣಿಯ ಹೊರಗೆ ತೂಗಾಡಿಕೊಂಡು. ಆ ದೋಣಿ ವರ್ಗದಲ್ಲಿ ಇದನ್ನ ಕೂಡಲೇ ನಿಷೇಧಿಸಿದರು. ಮುಂದಿನ ದಶಕಗಳಲ್ಲಿ ಅದೇ 'ಟ್ರಪೀಜ್' ಒಲಿಂಪಿಕ್ ದೋಣಿಗಳಿಗೂ ಬಂತು. ಇವತ್ತಿನ ಟ್ರಪೀಜ್ ಹಾರ್ನೆಸ್ ಕೂರೋ ಮಾದರಿಯದ್ದು, ಕೊಕ್ಕೆ ಕೆಳಗೆ.

1970ರ ದಶಕದಲ್ಲಿ ಹವಾಯಿಯ ಕೈಲುವಾ ತೀರದ ವಿಂಡ್‌ಸರ್ಫಿಂಗ್ ಹುಡುಗರು ಕೈ ಸೋತು ಹಾರ್ನೆಸ್ ಹೊಲಿದುಕೊಂಡರು. ಆರಂಭದವು ಎದೆಗೆ ಹಾಕೋ ಜಾಕೆಟ್ ತರಹ. ಆಮೇಲೆ ಕೊಕ್ಕೆ ಕೆಳಗಿಳಿದು ಸೀಟ್, ವೇಸ್ಟ್ ಎರಡೂ ಬಂದವು. ಫ್ರಾನ್ಸಿನ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಸಹೋದರರು ಗಾಳಿ ತುಂಬೋ ಗಾಳಿಪಟಕ್ಕೆ ಪೇಟೆಂಟ್ ಹಾಕಿದ್ದು 1984ರಲ್ಲಿ, ಅದು ವಿಪಿಕಾ ಹೆಸರಲ್ಲಿ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೈಟ್ ಸ್ಪರ್ಧೆಯೇ ಇತ್ತು, ನಡೆದದ್ದು ಮಾರ್ಸೇಯ ಕಡಲಲ್ಲಿ.

ಪಟ ಬಂದಮೇಲೆ ಲೆಕ್ಕ ಬದಲಾಯ್ತು. ವಿಂಡ್‌ಸರ್ಫಿಂಗ್‌ನಲ್ಲಿ ಹಾಯಿ ಅಡ್ಡಡ್ಡ ಎಳೆಯುತ್ತೆ, ಕೈಟ್ ಮೇಲಕ್ಕೂ ಎಳೆಯುತ್ತೆ. ಹೊಸಬರು ಪಟವನ್ನ ಹೆಚ್ಚು ಹೊತ್ತು ನೆತ್ತಿ ಮೇಲೇ ಇಟ್ಕೊಂಡಿರ್ತಾರೆ. ಆಗ ಸೊಂಟದ ಪಟ್ಟಿ ಜಾರಿ ಪಕ್ಕೆಲುಬಿಗೆ ಏರುತ್ತೆ, ಉಸಿರು ಕಟ್ಟುತ್ತೆ. ತೊಡೆ ಪಟ್ಟಿ ಇರೋ ಸೀಟ್ ಹಾರ್ನೆಸ್ ಏರೋದಿಲ್ಲ, ಭಾರ ಕೆಳಗೇ ಉಳಿಯುತ್ತೆ, ಬೆನ್ನಿಗೂ ಆರಾಮ. ಪಳಗಿದವರ ಪಟ ಕೆಳಗೆ ಓರೆಯಾಗಿ ಹಾರುತ್ತೆ, ಎಳೆತ ಪಕ್ಕದಿಂದ. ಅವರಿಗೆ ಮೈ ತಿರುಗಿಸೋಕೆ, ಹಾರೋಕೆ ಸ್ವಾತಂತ್ರ್ಯ ಬೇಕು, ವೇಸ್ಟ್ ಸಾಕು. ಅಂದ್ರೆ ಕೇಳಬೇಕಾದ್ದು 'ಯಾವುದು ಒಳ್ಳೇದು' ಅಂತಲ್ಲ. ಎಳೆತ ಯಾವ ದಿಕ್ಕಿಂದ, ಎಷ್ಟು ಹೊತ್ತು? ಇಷ್ಟೇ.

ಬೆಟ್ಟ ಹತ್ತುವವರು ಈ ಪ್ರಶ್ನೆಗೆ ಕೊಟ್ಟ ಬೆಲೆ ದೊಡ್ಡದು. ಬಹಳ ಕಾಲ ಅವರು ಹಗ್ಗವನ್ನ ನೇರವಾಗಿ ಸೊಂಟಕ್ಕೇ ಕಟ್ಟುತ್ತಿದ್ದರು. ಬಿದ್ದಾಗ ಹಗ್ಗ ಹಿಡಿಯುತ್ತಿತ್ತು ನಿಜ, ಆದರೆ ನೇತಾಡುವವನ ಇಡೀ ಭಾರ ಹೊಟ್ಟೆ, ಪಕ್ಕೆಲುಬಿನ ಮೇಲೆ. 1970ರಲ್ಲಿ ಕ್ರಿಸ್ ಬಾನಿಂಗ್ಟನ್ ನಾಯಕತ್ವದ ಬ್ರಿಟಿಷ್ ತಂಡ ಅನ್ನಪೂರ್ಣಾದ ದಕ್ಷಿಣ ಮುಖ ಹತ್ತಲು ಹೊರಟಾಗ ಡಾನ್ ವಿಲ್ಲನ್ಸ್, ಟ್ರೋಲ್ ಕಂಪನಿ ಜೊತೆ ಸೇರಿ ಕೂರುವ ಹಾರ್ನೆಸ್ ಮಾಡಿಸಿದ. ಆ ವರ್ಷ ಮೇ 27ಕ್ಕೆ ಶಿಖರ ಮುಟ್ಟಿದ ಇಬ್ಬರಲ್ಲಿ ಅವನೂ ಒಬ್ಬ. 1987ರಲ್ಲಿ ಅಮೆರಿಕದ ವಾಯುಪಡೆಯವರು ಆರೋಗ್ಯವಂತರನ್ನೇ ಅಲುಗಾಡದೆ ನೇತುಹಾಕಿ ಪರೀಕ್ಷೆ ಮಾಡಿದರು. ಸೊಂಟದ ಬೆಲ್ಟಿನಲ್ಲಿ ಜನ ತಡೆದುಕೊಂಡದ್ದು ಸರಾಸರಿ 2 ನಿಮಿಷಕ್ಕಿಂತ ಕಡಿಮೆ. ತೊಡೆ, ಭುಜ ಎಲ್ಲ ಸೇರಿದ ಪೂರ್ತಿ ಹಾರ್ನೆಸ್‌ನಲ್ಲಿ ಸುಮಾರು 14 ನಿಮಿಷ. 1998ರ ಜನವರಿ 1ರಿಂದ ಅಮೆರಿಕದಲ್ಲಿ, ಬೀಳೋದನ್ನ ತಡೆಯೋಕೆ ಬರೀ ಸೊಂಟದ ಬೆಲ್ಟ್ ಹಾಕಿಸಿ ಕೆಲಸಗಾರರನ್ನ ಎತ್ತರಕ್ಕೆ ಕಳಿಸುವಂತಿಲ್ಲ ಅಂತ ಕಾನೂನಾಯ್ತು.

ಇಷ್ಟೆಲ್ಲ ಓದುವಾಗ ನನ್ನ ತಲೆಯಲ್ಲಿದ್ದದ್ದು ಮಾತ್ರ ಕಡಲಲ್ಲ, ನಮ್ಮ ಸಿದ್ದಾಪುರದ ಅಡಿಕೆ ತೋಟ. ಉತ್ತರ ಕನ್ನಡದ್ದಲ್ಲ, ಕೊಡಗಿಂದೂ ಅಲ್ಲ, ಕುಂದಾಪುರದಿಂದ ಘಟ್ಟದ ಕಡೆ ಹೋದರೆ ಸಿಗೋ ಸಿದ್ದಾಪುರ. ಅಲ್ಲಿ ಮರ ಹತ್ತುವವರ ಹತ್ತಿರ ಎರಡೇ ಸಾಮಾನು: ಕಾಲಿಗೆ ತಳೆ, ಕೂರೋಕೆ ಮಣೆ. ಮಣೆ ಅಂದ್ರೆ ಹಗ್ಗದ ಕುಣಿಕೆಯಲ್ಲಿ ಮರಕ್ಕೆ ಸಿಕ್ಕಿಸೋ ಚಿಕ್ಕ ಹಲಗೆ. ಮೇಲೆ ಹೋಗಿ ಅದರ ಮೇಲೆ ಕೂಕಂಡು ಎರಡೂ ಕೈಲಿ ಕೆಲಸ. ಸೀಟ್ ಹಾರ್ನೆಸ್ಸಿನ ಅರ್ಧ ಐಡಿಯಾ ನಮ್ಮವರ ಹತ್ತಿರ ಮೊದಲೇ ಇತ್ತು, ಭಾರವನ್ನ ಕೂರೋ ಜಾಗಕ್ಕೆ ಕೊಡಬೇಕು ಅನ್ನೋದು. ಇಲ್ಲದ್ದು ಉಳಿದರ್ಧ: ಮಣೆ ಮೈಗೆ ಕಟ್ಟಿಲ್ಲ. ಜಾರಿದರೆ ಮಣೆ ಮರದಲ್ಲಿ, ಮನುಷ್ಯ ನೆಲದಲ್ಲಿ.

ಅದಕ್ಕೆ ಕಾರಣ ದಡ್ಡತನ ಅಲ್ಲ. ಪಳಗಿದವರು ಒಂದು ಮರದ ಕೊನೆ ಕೊಯ್ದು ಕೆಳಗಿಳಿಯೋದಿಲ್ಲ, ಮರವನ್ನ ತೂಗಿ ಪಕ್ಕದ ಮರ ಹಿಡಿದು ದಾಟ್ತಾರೆ. ಮೈಗೆ ಕಟ್ಟಿಕೊಂಡರೆ ಪ್ರತಿ ಮರಕ್ಕೂ ಬಿಚ್ಚಿ ಕಟ್ಟಬೇಕು, ದಿನದ ಲೆಕ್ಕ ತಪ್ಪುತ್ತೆ. ಪಳಗಿದ ಕೈಟ್‌ಸರ್ಫರ್ ವೇಸ್ಟ್ ಹಾರ್ನೆಸ್ ಆರಿಸೋದಕ್ಕೂ ಇದೇ ಕಾರಣ, ಮೈ ಸಡಿಲ ಇರಬೇಕು. ವ್ಯತ್ಯಾಸ ಏನಂದ್ರೆ ಕೈಟ್‌ಸರ್ಫರ್ ಬೀಳೋದು ನೀರಿಗೆ.

ಇದಕ್ಕೆ ಮಳೆಗಾಲ ಸೇರಿಸಿ. ಕೊಳೆರೋಗಕ್ಕೆ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಫ್ರಾನ್ಸಿನಲ್ಲಿ 1885ರ ಹೊತ್ತಿಗೆ ಮಿಲಾರ್ಡೆ ದ್ರಾಕ್ಷಿಗೆ ಅಂತ ರೂಪಿಸಿದ ಬೋರ್ಡೋ ದ್ರಾವಣ ಆಮೇಲೆ ಅಡಿಕೆಗೂ ಬಂತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದ್ದು 1910ರಲ್ಲಿ. ಮೈಲುತುತ್ತು, ಸುಣ್ಣ ಕಲಸಿದ ಈ ಮದ್ದನ್ನ ಮಳೆ ಶುರುವಾಗೋ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಬಿಡಬೇಕು. ಎರಡನೇ ಸಲ ಅಂದ್ರೆ ಆಷಾಢದ ನಡುವೆ, ಮರ ಪಾಚಿ ಕಟ್ಟಿ ಜಾರೋ ಹೊತ್ತಲ್ಲಿ. ಬೆಳೆ ಉಳಿಸಿದ ವಿಜ್ಞಾನ ಮನುಷ್ಯನನ್ನ ಅತಿ ಅಪಾಯದ ಕಾಲದಲ್ಲಿ ಮರದ ತುದಿಗೆ ಕಳಿಸಿತು. ಅವನ ಮೈಗೆ ಏನು ಕಟ್ಟಬೇಕು ಅನ್ನೋದನ್ನ ಮದ್ದಿನ ಜೊತೆಗೆ ಯಾರೂ ಕೊಡಲಿಲ್ಲ.

ಈಗೀಗ ಬದಲಾವಣೆ ಬರ್ತಿದೆ. ಬಂಟ್ವಾಳ ತಾಲೂಕಿನ ಗಣಪತಿ ಭಟ್ಟರು ಮಾಡಿದ ಮರ ಹತ್ತೋ ಬೈಕ್ 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯ್ತು, ಅದರಲ್ಲಿ ಸೀಟೂ ಇದೆ, ಬೆಲ್ಟೂ ಇದೆ. ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲೇ ನಿಂತು ಕೊಯ್ಯೋದು, ಮದ್ದು ಬಿಡೋದು ಸಾಧ್ಯವಾಗಿದೆ. ದುಬಾರಿ ವೇಸ್ಟ್ ಹಾರ್ನೆಸ್ಸಿನ ಬೆನ್ನಿಗೆ ಹಾಕೋದೂ ಇದೇ ಕಾರ್ಬನ್ ಫೈಬರ್. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ವಿಮೆ ಇದೆ. ಆದರೂ ದೋಟಿ ಎಟುಕದ ಮರ, ದೋಟಿ ತಿರುಗಿಸೋಕೆ ಜಾಗ ಇಲ್ಲದ ಇಳಿಜಾರು ತೋಟ ಘಟ್ಟದ ಬುಡದಲ್ಲಿ ಬೇಕಾದಷ್ಟಿವೆ. ಅಲ್ಲಿ ಇವತ್ತಿಗೂ ತಳೆ, ಮಣೆಯೇ.

ಹಾಗಾಗಿ ಎರಡು ಮಾತು. ಕೈಟ್ ಕಲಿಯೋರಿಗೆ: ಮೊದಲ ಸೀಸನ್ ಸೀಟ್ ಹಾರ್ನೆಸ್, ಪಟ ಕೆಳಗಿಳಿಸೋಕೆ ಬಂದಮೇಲೆ ವೇಸ್ಟ್, ಬೆನ್ನು ನೋವಿರೋರು ಸೀಟಲ್ಲೇ ಇರಿ. ಬೆಂಗಳೂರಲ್ಲಿ ಕೂತು ಊರಲ್ಲಿ ತೋಟ ಇಟ್ಕೊಂಡಿರೋರಿಗೆ: ಮರ ಹತ್ತುವವರಿಗೆ ಅಂತ ಬರೀ ಸೊಂಟದ ಬೆಲ್ಟ್ ತರಬೇಡಿ. ತೊಡೆ, ಭುಜ ಎರಡಕ್ಕೂ ಪಟ್ಟಿ ಇರೋ ಪೂರ್ತಿ ಹಾರ್ನೆಸ್ ತನ್ನಿ, ಜೊತೆಗೆ ಎರಡು ಹಗ್ಗ. ಪಕ್ಕದ ಮರಕ್ಕೆ ಎರಡನೇ ಹಗ್ಗ ಸಿಕ್ಕಿಸಿದ ಮೇಲೇ ಮೊದಲನೇದು ಬಿಚ್ಚೋದು, ಆಗ ಮೈ ಯಾವ ಕ್ಷಣಕ್ಕೂ ಬಿಡಿಯಾಗಿರಲ್ಲ. ಇದರಿಂದ ದಿನಕ್ಕೆ ಹತ್ತೋ ಮರ ಕಡಿಮೆಯಾಗುತ್ತೆ. ಆ ಕಡಿಮೆಯಾದ ಮರಗಳ ಕೂಲಿಯನ್ನ ಕೊಡಬೇಕಾದೋರು ನಾವು, ಹತ್ತುವವರಲ್ಲ.